ಡಿಸೆಂಬರ್ 24ಕ್ಕೇ ಹಾಲು ತಂದಿಡಿ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ಹಬ್ಬ ರಜೆಗಳ ಮಾರ್ಗದರ್ಶಿ

ನಾವು ಈ ದೇಶಕ್ಕೆ ಬಂದಿದ್ದು ಒಂದು ಡಿಸೆಂಬರ್ ತಿಂಗಳಲ್ಲಿ. 25ರ ಬೆಳಿಗ್ಗೆ ಕಾಫಿಗೆ ಅಂತ ನೋಡಿದರೆ ಮನೆಯಲ್ಲಿ ಹಾಲಿಲ್ಲ. ಹೋಗಿ ತಂದರಾಯಿತು ಅಂತ ಹೊರಟೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೂಪರ್ ಮಾರ್ಕೆಟ್ಟಿಗೆ ಬೀಗ, ಅದರಾಚೆಯ ಪೆಟ್ರೋಲ್ ಬಂಕಿಗೂ ಬೀಗ. ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೂ ಬಸ್ ಬರಲಿಲ್ಲ. ಬರಿಗೈಯಲ್ಲಿ ವಾಪಸ್ ಬರುವಾಗ ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ನೋಡಿ ಬಾಗಿಲು ತೆಗೆದರು. ಏನಾಯಿತು ಅಂತ ಕೇಳಿದರು. ಒಳಗೆ ಹೋಗಿ ಹಸಿರು ಮುಚ್ಚಳದ ಹಾಲಿನ ಬಾಟಲಿ ತಂದು ಕೈಗಿಟ್ಟರು. ಅರ್ಧ ಖಾಲಿಯಾಗಿದ್ದ ಬಾಟಲಿ. ಅವರ ಮನೆಯಲ್ಲಿ ಇದ್ದದ್ದೇ ಅಷ್ಟು.

ಹೊಸದಾಗಿ ಬಂದವರಿಗೆ ಈ ಪರದಾಟ ಬೇಡ ಅಂತಲೇ ನಮ್ಮ ಕನ್ನಡ ಸಂಘದ ಪರವಾಗಿ ಇದನ್ನು ಬರೆಯುತ್ತಿದ್ದೇವೆ.

ಬ್ಯಾಂಕ್ ಹಾಲಿಡೇ ಎಂದರೆ

ಸಾರ್ವಜನಿಕ ರಜೆಗೆ ಇಲ್ಲಿ ಬ್ಯಾಂಕ್ ಹಾಲಿಡೇ ಅನ್ನುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವರ್ಷಕ್ಕೆ ಇರುವುದು 8. ಹೊಸ ವರ್ಷ, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್ ಕೊನೆಯ ಸೋಮವಾರ, ಕ್ರಿಸ್ಮಸ್, ಮರುದಿನದ ಬಾಕ್ಸಿಂಗ್ ಡೇ. ಸ್ಕಾಟ್ಲೆಂಡಿನ ಪಟ್ಟಿ ಬೇರೆ: ಜನವರಿ 2ಕ್ಕೂ ರಜೆ, ಆಗಸ್ಟ್ ರಜೆ ತಿಂಗಳ ಮೊದಲ ಸೋಮವಾರ. ಉತ್ತರ ಐರ್ಲೆಂಡಿನಲ್ಲಿ ಮಾರ್ಚ್ 17 ಮತ್ತು ಜುಲೈ 12 ಕೂಡ ಸೇರುತ್ತವೆ. ಕ್ರಿಸ್ಮಸ್ ಶನಿವಾರವೋ ಭಾನುವಾರವೋ ಬಂದರೆ ರಜೆ ತಪ್ಪಿಹೋಗುವುದಿಲ್ಲ, ಮುಂದಿನ ವಾರದ ದಿನಕ್ಕೆ ಹೋಗುತ್ತದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನು ಕೊಡುವುದು ವರ್ಷಕ್ಕೆ ಕನಿಷ್ಠ 28 ದಿನ ಸಂಬಳ ಸಹಿತ ರಜೆ. ಈ 8 ದಿನಗಳನ್ನು ಆ 28ರ ಒಳಗೇ ಲೆಕ್ಕ ಹಾಕಲು ಕಂಪನಿಗೆ ಅವಕಾಶವಿದೆ. ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿ ಯಾವುದಕ್ಕೂ ಇಲ್ಲಿ ರಜೆ ಇಲ್ಲ. ಹಾಗಾಗಿ ವರ್ಷದ ಆರಂಭದಲ್ಲೇ ಪಂಚಾಂಗ ನೋಡಿ, ನಿಮಗೆ ಬೇಕಾದ ಎರಡು ಮೂರು ದಿನ ಕೇಳಿಬಿಡಿ. ಕೊನೇ ಗಳಿಗೆಯಲ್ಲಿ ಕೇಳಿದರೆ ಸಿಗುವುದು ಕಷ್ಟ.

ಮಕ್ಕಳ ವಿಷಯಕ್ಕೆ ಬಂದರೆ, ನಿಮ್ಮ ಧರ್ಮದ ಮುಖ್ಯ ಹಬ್ಬದ ದಿನಕ್ಕೆ ಶಾಲೆ ರಜೆ ಕೊಡಬಹುದು. ಮುಂಚೆಯೇ ಪತ್ರ ಬರೆದು ಕೇಳಿ. ಆದರೆ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಒಂದು ವಾರ ಮೊದಲೇ ಊರಿಗೆ ಹೊರಡಬೇಡಿ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಐದು ದಿನ ತಪ್ಪಿಸಿದರೆ ದಂಡ ಬೀಳಬಹುದು. 2024ರಿಂದ ಅದು 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಅದೂ ಒಂದು ಮಗುವಿಗೆ, ತಂದೆಗೆ ಬೇರೆ ತಾಯಿಗೆ ಬೇರೆ.

ಪಟಾಕಿ ಕಾಲ

ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಇಲ್ಲಿ ಹಬ್ಬಗಳ ಸಾಲೇ ಇದೆ. ನಮ್ಮ ದೀಪಾವಳಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ.

ಅಕ್ಟೋಬರ್ 31 ಹ್ಯಾಲೋವೀನ್. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಬಂದು ಸಿಹಿ ಕೇಳುತ್ತಾರೆ. ಬಾಗಿಲಲ್ಲಿ ಕುಂಬಳಕಾಯಿ ದೀಪ ಇಟ್ಟರೆ "ಬನ್ನಿ" ಅಂತ ಅರ್ಥ. ಇಡದಿದ್ದರೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ನಿಮ್ಮ ಮಕ್ಕಳಿಗೂ ಇದನ್ನೇ ಹೇಳಿಕೊಡಿ, ದೀಪ ಇರುವ ಮನೆಗಷ್ಟೇ ಹೋಗಲಿ. ಕೆತ್ತಲು ಮಾರುವ ದೊಡ್ಡ ಕುಂಬಳಕಾಯಿ ಸಪ್ಪೆ. ಪಲ್ಯ ಮಾಡಲು ಬೇರೆಯದೇ ತನ್ನಿ.

ನವೆಂಬರ್ 5 ಬಾನ್‌ಫೈರ್ ನೈಟ್. 1605ರಲ್ಲಿ ಗೈ ಫಾಕ್ಸ್ ಮತ್ತು ಅವನ ಸಂಗಡಿಗರು ಸಂಸತ್ ಭವನವನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದರು. ಅದರ ನೆನಪಿಗೆ ದೊಡ್ಡ ಬೆಂಕಿ ಹಾಕಿ, ಬಾಣಬಿರುಸು ಹಾರಿಸುತ್ತಾರೆ. ಚಳಿಯಲ್ಲಿ ಆ ಬೆಂಕಿಯ ಹತ್ತಿರ ನಿಂತಾಗ ನನಗೆ ನಮ್ಮೂರಿನ ಕಾಮದಹನವೇ ನೆನಪಾಗುತ್ತದೆ. ಊರಿನವರೆಲ್ಲ ಸೇರುವ ಮೈದಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಈ ಹೊತ್ತಿನಲ್ಲಿ ನಮ್ಮವರು ತಪ್ಪುವುದು ಪಟಾಕಿಯ ಸಮಯದಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಪಟಾಕಿ ಹಾರಿಸುವಂತಿಲ್ಲ. ನವೆಂಬರ್ 5ಕ್ಕೆ ನಡುರಾತ್ರಿ 12ರವರೆಗೆ ಬಿಡುತ್ತಾರೆ. ದೀಪಾವಳಿ ರಾತ್ರಿ 1 ಗಂಟೆವರೆಗೆ ಅನುಮತಿ ಇದೆ. ನಮ್ಮ ಹಬ್ಬದ ಹೆಸರು ಆ ನಿಯಮದಲ್ಲೇ ಇದೆ, ಓದಿದಾಗ ಖುಷಿಯಾಯಿತು. ಆದರೆ ನರಕ ಚತುರ್ದಶಿಯ ದಿನ ಬೆಳಗಿನ ಜಾವ ಎಣ್ಣೆ ಸ್ನಾನ ಮಾಡಿ ಪಟಾಕಿ ಹೊಡೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸ್ನಾನ ಮಾಡಿ, ದೀಪ ಹಚ್ಚಿ, ಪಟಾಕಿ ಸಂಜೆಗಿರಲಿ. ರಸ್ತೆಯಲ್ಲಿ ಹಚ್ಚುವುದೂ ಅಪರಾಧ. ನಿಮ್ಮ ಹಿತ್ತಿಲಲ್ಲೇ ಹಚ್ಚಬೇಕು. ಪಕ್ಕದ ಮನೆಯಲ್ಲಿ ನಾಯಿ ಇದ್ದರೆ ಎರಡು ದಿನ ಮೊದಲೇ ಹೇಳಿ. ಸುರ್‌ಸುರ್ ಬತ್ತಿ ಹಿಡಿಯುವ ಮಕ್ಕಳಿಗೆ ಉಣ್ಣೆ ಗವಸು ಹಾಕಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಐದು ವರ್ಷದ ಒಳಗಿನವರ ಕೈಗೆ ಕೊಡಲೇಬೇಡಿ.

ಇದಾಗಿ ಒಂದು ವಾರಕ್ಕೆ ನವೆಂಬರ್ 11, ಯುದ್ಧಗಳಲ್ಲಿ ಮಡಿದ ಸೈನಿಕರನ್ನು ನೆನೆಯುವ ದಿನ. ಎಲ್ಲರ ಕೋಟಿನ ಮೇಲೆ ಕೆಂಪು ಗಸಗಸೆ ಹೂವು ಕಾಣುತ್ತದೆ. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ಆಫೀಸಿನಲ್ಲಿ, ಅಂಗಡಿಯಲ್ಲಿ ಜನ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ನೀವೂ ನಿಲ್ಲಿ. ಇದು ಪರರ ಹಬ್ಬ ಅನ್ನಿಸಬಾರದು. ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸೈನಿಕರು 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಕಾಳಗದಲ್ಲಿದ್ದರು. ಮಗ ಶಾಲೆಯಿಂದ ಕಾಗದದ ಹೂವು ಮಾಡಿಕೊಂಡು ಬಂದಾಗ ನಾನು ಈ ಕಥೆ ಹೇಳಿದೆ. ಮರುದಿನ ಅವನು ಅದನ್ನು ತರಗತಿಯಲ್ಲಿ ಹೇಳಿ ಬಂದ.

ಡಿಸೆಂಬರ್

ಶಾಲೆಯಿಂದ ಚೀಟಿ ಮೇಲೆ ಚೀಟಿ ಬರುತ್ತವೆ. ಒಂದು ದಿನ ಕ್ರಿಸ್ಮಸ್ ಸ್ವೆಟರ್ ಹಾಕಿಸಿ ಅನ್ನುತ್ತಾರೆ. ಯೇಸು ಹುಟ್ಟಿದ ಕಥೆಯ ನಾಟಕದಲ್ಲಿ ನಿಮ್ಮ ಮಗುವಿಗೆ ಕುರಿ ಕಾಯುವವನ ಪಾತ್ರ ಸಿಕ್ಕರೆ ದುಡ್ಡು ಕೊಟ್ಟು ವೇಷ ತರಬೇಡಿ. ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆಯನ್ನು ತಲೆಗೆ ಹೊದಿಸಿ ಪಟ್ಟಿ ಕಟ್ಟಿದರೆ ಸಾಕು, ಇಲ್ಲಿಯವರೂ ಹಾಗೇ ಮಾಡುವುದು. ತರಗತಿಯ ಮಕ್ಕಳಿಗೆ ಕಾರ್ಡ್ ಕೊಡುವುದಾದರೆ ಒಬ್ಬರನ್ನೂ ಬಿಡದೆ ಎಲ್ಲರಿಗೂ ಬರೆಯಿರಿ.

ಸಸ್ಯಾಹಾರಿಗಳು ಗಮನಿಸಿ. ಮಿನ್ಸ್ ಪೈ ಅಂದರೆ ಕೀಮಾ ಅಲ್ಲ, ಒಳಗೆ ಒಣದ್ರಾಕ್ಷಿಯ ಹೂರಣ. ಆದರೆ ಅದರಲ್ಲಿ, ಕ್ರಿಸ್ಮಸ್ ಪುಡ್ಡಿಂಗಿನಲ್ಲಿ 'ಸ್ಯೂಯೆಟ್' ಇರಬಹುದು. ಅದು ದನದ ಕೊಬ್ಬು. ಗಿಡದ ಎಣ್ಣೆಯದೂ ಬರುತ್ತದೆ, ಪೊಟ್ಟಣ ಓದಿ. ಪುಡ್ಡಿಂಗಿನಲ್ಲಿ ಮದ್ಯವೂ ಇರುವುದುಂಟು. ಮಾರ್ಷ್‌ಮೆಲೋ, ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಜಾಸ್ತಿ. ಯಾರ ಮನೆಗಾದರೂ ಊಟಕ್ಕೆ ಕರೆದರೆ ಏನು ತಿನ್ನುವುದಿಲ್ಲ ಅಂತ ಮೊದಲೇ ಹೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ತಟ್ಟೆಯ ಮುಂದೆ ಸುಮ್ನೆ ಕೂತರೆ ಬೇಸರವಾಗುತ್ತದೆ.

24ರ ಮಧ್ಯಾಹ್ನದೊಳಗೆ ಹಾಲು, ಮೊಸರು, ತರಕಾರಿ, ಮಕ್ಕಳ ಜ್ವರದ ಔಷಧಿ ತಂದಿಡಿ. 25ಕ್ಕೆ ದೊಡ್ಡ ಅಂಗಡಿ ತೆರೆಯುವುದನ್ನು ಇಂಗ್ಲೆಂಡ್, ವೇಲ್ಸಿನಲ್ಲಿ 2004ರ ಕಾನೂನೇ ತಡೆಯುತ್ತದೆ. ಈಸ್ಟರ್ ಭಾನುವಾರವೂ ದೊಡ್ಡ ಅಂಗಡಿ ಇರುವುದಿಲ್ಲ. ಡಿಸೆಂಬರ್ 25ರಂದು ರೈಲು ಇಲ್ಲ, ಲಂಡನ್ನಿನ ನೆಲದಡಿಯ ರೈಲು ಟ್ಯೂಬ್ ಕೂಡ ಇಲ್ಲ. ಆ ದಿನ ವಿಮಾನದಲ್ಲಿ ಬಂದಿಳಿಯುವ ಅಪ್ಪ ಅಮ್ಮನನ್ನು ಕರೆತರಲು ಕಾರು ಗೊತ್ತು ಮಾಡಿಕೊಂಡಿರಿ.

ಅಕ್ಕಪಕ್ಕದ ಎರಡು ಮೂರು ಮನೆಗೆ ಕಾರ್ಡ್ ಹಾಕಿ. ನಿಮ್ಮ ಹೆಸರಿನ ಜೊತೆ ಮನೆ ನಂಬರನ್ನೂ ಬರೆಯಿರಿ, ಯಾರು ಅಂತ ಅವರಿಗೆ ತಿಳಿಯಬೇಕಲ್ವಾ. ನಾವು ಆ ಅಜ್ಜಿಗೆ ಮರುವರ್ಷ ಕಾರ್ಡಿನ ಜೊತೆ ಒಂದು ಡಬ್ಬಿ ಕೋಡುಬಳೆ ಕೊಟ್ಟೆವು. ಡಬ್ಬಿ ವಾಪಸ್ ಬಂದಾಗ ಅದರ ತುಂಬ ಶಾರ್ಟ್‌ಬ್ರೆಡ್ ಬಿಸ್ಕತ್ತು ಇತ್ತು.

ಮೊದಲ ವರ್ಷ 25ರಂದು ಮನೆಯಲ್ಲಿ ನೀವು ನೀವೇ ಇರುವುದಾದರೆ ಒಂದು ವಾರ ಮುಂಚೆ ಸಂಘಕ್ಕೆ ತಿಳಿಸಿ. ಯಾರಾದರೊಬ್ಬ ಸದಸ್ಯರ ಮನೆಯಲ್ಲಿ ಬಿಸಿಬೇಳೆಬಾತ್ ಇದ್ದೇ ಇರುತ್ತದೆ. ಕಾರು ಇಲ್ಲದಿದ್ದರೆ ಅದನ್ನೂ ಹೇಳಿ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ.