ವೆಬ್ಲಿ ಮಾರ್ಕ್ 3 ಏರ್ ರೈಫಲಿನ ಟ್ಯಾಪ್ ರಿಪೇರಿ: ಸ್ಪ್ರಿಂಗ್ ಅಲ್ಲ, ವಾಶರ್ ಅಲ್ಲ, ತೂತು ಸರದಿತ್ತು

ಕಡೀಕೂ ಆತು ನೋಡ್ರಿ. ಹೋದ ಐತ್ವಾರ ಟೆರೇಸ್ ಮ್ಯಾಲೆ ಹತ್ತು ಮೀಟರಿಗೆ ಐದು ಪೆಲೆಟ್ (ಸೀಸದ ಸಣ್ಣ ಗುಂಡು) ಹೊಡದೆ, ಐದೂ ಒಂದು ಐದು ರೂಪಾಯಿ ನಾಣ್ಯದ ಅಗಲದಾಗ ಕುಂತವು. ಇದೇ ಬಂದೂಕು ಎರಡು ವರ್ಷದ ಹಿಂದ ಊಟದ ತಾಟಿನಷ್ಟು ಜಾಗಾದಾಗ ಚೆಲ್ಲತಿತ್ತು. ಪುಣೆ ಹತ್ರದ ಭೋಸರಿ, ಚಿಂಚವಡ ಕಡೆ ಏರ್ ರೈಫಲ್ ಹುಚ್ಚು ಇರೋ ನಮ್ಮ ಮಂದಿ ಎಲ್ಲಾರೂ ಒಂದ ಮಾತು ಹೇಳಿದ್ರು, ಟ್ಯಾಪ್ (ಪೆಲೆಟ್ ಹಾಕಿ ತಿರುವೂ ತೂತಿನ ಗೂಟ) ಇರೋ ಬಂದೂಕಿನ ಹಣೆಬರಹನ ಅದು, ಗ್ವಾಡಿಗೆ ತೂಗಹಾಕಿ ಬಿಡು ಅಂತ. ಅದಕ್ಕ ಇದನ್ನ ಬರಿಯಾಕ ಕುಂತೀನಿ.

ಬಂದೂಕು ನಮ್ಮ ಸೋದರಮಾವಂದು. ಅವರು ಮುಂಬೈ ಡಾಕಿನಾಗ ಕೆಲಸಕ್ಕಿದ್ದಾಗ ಕೊಂಡದ್ದು. ವೆಬ್ಲಿ ಮಾರ್ಕ್ 3, ಬರ್ಮಿಂಗ್ಹ್ಯಾಮಿನ ಮಾಲು, 1947ರಿಂದ 1975ರ ತನಕ ಮಾಡ್ತಿದ್ರು. ನಂದು 4.5 ಮಿ.ಮೀ., ತಾಕತ್ತು 20 ಜೂಲ್‌ಗಿಂತ ಭಾಳ ಕೆಳಗ, ಹಂಗಾಗಿ ಲೈಸೆನ್ಸಿನ ತಂಟೆ ಇಲ್ಲ. ಕೆಳಗಿನ ಲಿವರ್ ಎಳದು ಕಾಕ್ ಮಾಡೂದು (ಸ್ಪ್ರಿಂಗ್ ಒತ್ತಿ ನಿಲ್ಲಿಸೂದು), ಟ್ಯಾಪ್ ತಿರುವಿ ಮ್ಯಾಲಿಂದ ಪೆಲೆಟ್ ಮೂತಿ ಕೆಳಗ ಮಾಡಿ ಬಿಡೂದು, ಟ್ಯಾಪ್ ಮುಚ್ಚೂದು, ಇಷ್ಟ. ಇದರ ರೋಗ ಅಂದ್ರ ಕೆಲವೊಮ್ಮೆ ಪೆಲೆಟ್ ಪೂರ್ತಿ ಇಳಿಯೂದಿಲ್ಲ, ಸ್ಕರ್ಟ್ (ಪೆಲೆಟ್ಟಿನ ಟೊಳ್ಳು ಹಿಂಭಾಗ) ಮ್ಯಾಲೆ ನಿಂತಿರತೈತಿ, ಗೊತ್ತಾಗದ ಟ್ಯಾಪ್ ತಿರುವಿದ್ರ ಸ್ಕರ್ಟ್ ಕತ್ತರಿಸಿ ಹೋಗತೈತಿ. ಇಳದ್ರೂ ಸ್ಪೀಡ್ ಒಂದಕ್ಕೊಂದು ಹೊಂದಾಣಿಕಿ ಇಲ್ಲ, ಒಂದು ಹೊಡತ 450 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಇದ್ರ ಮುಂದಿಂದು 380.

ಮೊದಲ ನಾನೂ ಎಲ್ಲಾರ ಹಂಗ ಸ್ಪ್ರಿಂಗಿಗೆ ಬೈದೆ. ಇಂಗ್ಲೆಂಡಿಂದ ತರಸಿದೆ, ಕಸ್ಟಮ್ಸ್ ಸೇರಿ ಸುಮಾರು 4,200 ಬಿತ್ತು. 30 ಎಫ್‌ಪಿಎಸ್ ಏರಿತು, ಚೆಲ್ಲೂದು ಹಂಗ ಉಳೀತು. ಆಮ್ಯಾಲೆ ಗಾಳಿ ಒತ್ತೂ ಪಿಸ್ಟನ್ನಿನ ಚರ್ಮದ ವಾಶರ್. ನಮ್ಮ ಓಣಿ ಚಮ್ಮಾರ ಮಾಮಾನ ಕಡೆ ಮೂರು ಮಾಡಸಿದೆ, ಒಂದಕ್ಕ 200. ಮೊದಲನೇದು ತೆಳ್ಳಗ ಆತು, ಎರಡನೇದು ಮಳಿಗಾಲದಾಗ ಉಬ್ಬಿ ಸಿಲಿಂಡರಿನಾಗ ಸಿಕ್ಕೊಂಡು ತಗಿಯಾಕ ಅರ್ಧ ದಿನ ಹಿಡೀತು, ಮೂರನೇದು ಇವತ್ತಿಗೂ ಐತಿ, ಚಲೋ ಐತಿ. ಅದಕ್ಕ ಹರಳೆಣ್ಣಿ ಕುಡಿಸಿ ನೋಡಿದೆ. ಒಂದು ಹನಿ ಹೆಚ್ಚಾದ್ರ ಹೊಗಿ ಬರತೈತಿ, ಪಟಾಕಿ ಹಂಗ ಸಪ್ಪಳ, ಕ್ರೋನೋ (ಸ್ಪೀಡ್ ಅಳಿಯೂ ಯಂತ್ರ) ಮ್ಯಾಲೆ 700 ತೋರಿಸಿತು, ಆ ಅಂಕಿ ನಂಬಬ್ಯಾಡ್ರಿ, ಎಣ್ಣಿ ಉರದು ಬಂದದ್ದದು, ಸ್ಪ್ರಿಂಗಿಗೂ ಅದು ಛಲೋ ಅಲ್ಲ. ಪೆಲೆಟ್ ಅಂತೂ ಎಂಟೊಂಬತ್ತು ಡಬ್ಬಿ ಬದಲಿಸಿದೆ. ಸ್ಕರ್ಟ್ ಒಳಗ ಬೇರಿಂಗ್ ಗುಂಡು ಇಟ್ಟು ಮೆಲ್ಲಕ ಒತ್ತಿ ಅಗಲ ಮಾಡೂದನ್ನೂ ನೋಡಿದೆ, ಸಂಜಿ ಪೂರ್ತಿ ಕುಂತು 200 ಪೆಲೆಟ್ ಒತ್ತಿದೆ. ಸ್ವಲ್ಪ ಫರಕು ಬಂತು. ಆದ್ರ ಹೊಡತ ಹೊಡತಕ್ಕ ಹಿಂಗ ಮಾಡಾಕ ಆಗತೈತೇನು.

ದಾರಿ ಸಿಕ್ಕಿದ್ದು ಒಂದು ಬಕೆಟ್ಟಿನಾಗ. ಹಳೇ ಅರಬಿ ಒತ್ತಿ ತುಂಬಿದ ಬಕೆಟ್ಟಿಗೆ ಹೊಡದು ಪೆಲೆಟ್ ಹೊರಗ ತಗದು ನೋಡಿದೆ. ಭೂತಗನ್ನಡಿ ಹಿಡದ್ರ ಪ್ರತಿ ಪೆಲೆಟ್ಟಿನ ತಲಿ ಮ್ಯಾಲೆ ಒಂದ ಕಡೆ ಉಗುರು ಕತ್ತರಿಸಿದಂಗ ಚಂದ್ರಾಕಾರದ ಕೆತ್ತು. ಅದು ಯಾವ ಕಡೆ ಬೀಳತೈತಿ ಅಂತ ಹೆಂಗ ಗೊತ್ತಾಗಬೇಕು? ಮಗಳ ನೇಲ್ ಪಾಲಿಶ್ ತಗೊಂಡು ಸ್ಕರ್ಟ್ ಮ್ಯಾಲೆ ಕೆಂಪು ಚುಕ್ಕಿ ಇಟ್ಟೆ, ಚುಕ್ಕಿ ಯಾವಾಗಲೂ ಟ್ಯಾಪ್ ಲಿವರ್ ಕಡೆ ಬರೂವಂಗ ಹಾಕಿ ಇಪ್ಪತ್ತು ಹೊಡದೆ. ಹದಿನೆಂಟರಾಗ ಕೆತ್ತು ಚುಕ್ಕಿಯ ಎದುರು ಮಗ್ಗಲಿಗೆ. ಟ್ಯಾಪಿನ ಬಾಯಾಗ ಸೂಜಿ ಆಡಿಸಿದ್ರ ಕೂದಲಿನಷ್ಟು ತೆಳ್ಳಗಿನ ಸೀಸದ ಚೂರು ಬಂತು. ಅವತ್ತ ಗೊತ್ತಾತು, ಟ್ಯಾಪಿನ ತೂತು ಮತ್ತ ಬ್ಯಾರಲ್ಲಿನ ತೂತು ಎದುರಬದುರ ಇಲ್ಲ. ಪೆಲೆಟ್ ಅಡ್ಡ ಮಗ್ಗಲ ತಿಕ್ಕೊಂಡು ಬ್ಯಾರಲ್ ಹೊಗತೈತಿ.

ಯಾಕ ಹಿಂಗಾತು ಅಂದ್ರ, ಟ್ಯಾಪ್ ಟೇಪರ್ ಐತಿ, ಅಂದ್ರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಹಿಂದ ಯಾರೋ ರಿಪೇರಿ ಮಾಡಿದವರು ಗಾಳಿ ಸೋರತೈತಿ ಅಂತ ಉಜ್ಜೂ ವಾಲ್ವ್ ಪೇಸ್ಟ್ ಹಚ್ಚಿ ಗರಗರ ತಿರುವಿ ಲ್ಯಾಪ್ ಮಾಡ್ಯಾರ, ಅಂದ್ರ ತಿಕ್ಕಿ ಕೂಡಿಸ್ಯಾರ. ಟೇಪರಿನಾಗ ಡಯಾಮೀಟರ್ 0.02 ಮಿ.ಮೀ. ಹೋದ್ರೂ ಟ್ಯಾಪ್ ಅದರ ಹತ್ತು ಹದಿನೈದು ಪಟ್ಟು ಒಳಗ ಇಳೀತೈತಿ, ಇಳದಷ್ಟೂ ತೂತು ಆ ಕಡೆ ಸರೀತೈತಿ. ಸೋರೂದು ನಿಂತಿತ್ತು ಖರೆ, ಜೋಡಣಿ ಹೋಗಿತ್ತು. ನನ್ನದರಾಗ 0.4 ಮಿ.ಮೀ. ಹತ್ರ ಸರದಿತ್ತು. 4.5ರ ಬ್ಯಾರಲ್ಲಿಗೆ ಅದು ಭಾಳ ದೊಡ್ಡದು.

ಇದನ್ನ ಹೇಳಿದಾಗ ಪುಣೆದ ಖಡ್ಕಿ ಕಡೆ ಇರೋ ಒಬ್ರು ನಿವೃತ್ತ ಆರ್ಮರರ್ (ಬಂದೂಕು ರಿಪೇರಿಯವರು) ಕಾಕಾ ತಲಿ ಅಲ್ಲಾಡಿಸಿದ್ರು. "ಇಲ್ಲೋ ತಮ್ಮಾ, ಸ್ಪ್ರಿಂಗ್ ನೋಡು, ಲೋಡಿಂಗ್ ಗಡಬಡಿ ಅಂದ್ರ ಸ್ಪ್ರಿಂಗ್, ಇಲ್ಲ ಅಂದ್ರ ಗುಂಡು" ಅಂದ್ರು. ನಾ ಅವರಿಗೆ ಅಮೆರಿಕಾದ ಎಂ1 ಗ್ಯಾರಂಡ್ ನೆನಪ ಮಾಡಿ ಕೊಟ್ಟೆ. 1936ರಾಗ ಸೈನ್ಯಕ್ಕ ಸೇರಿದ ರೈಫಲ್, ಎಂಟು ರೌಂಡಿನ (ಗುಂಡಿನ) ಕ್ಲಿಪ್ ಮ್ಯಾಲಿಂದ ಒತ್ತೂದು, ಮೊದಮೊದಲ ಏಳನೇ ರೌಂಡ್ ಸಿಕ್ಕೊಳ್ಳೂ ರೋಗ ಬಂದಿತ್ತು. ಸ್ಪ್ರಿಂಗೂ ಅಲ್ಲ, ಗುಂಡೂ ಅಲ್ಲ, ಕಾರ್ಖಾನಿ ಟೂಲಿಂಗಿನಾಗ ರಿಸೀವರ್ (ಬಂದೂಕಿನ ಒಡಲು) ಒಳಗಿನ ಗೈಡ್ ಪಟ್ಟಿಯ ತುದಿ ಚೂರು ಕಮ್ಮಿ ಆಗಿತ್ತು, ರೌಂಡ್ ದಾರಿ ತಪ್ಪತಿತ್ತು. "ಕಾಕಾ, ಅಲ್ಲೂ ಜಾಮಿಟ್ರಿ, ಇಲ್ಲೂ ಜಾಮಿಟ್ರಿ" ಅಂದೆ. ಅವರು ಒಪ್ಪಲಿಲ್ಲ, ಆದ್ರ ತಮ್ಮ ಪೆಟ್ಟಿಗ್ಯಾಗಿನ ಬ್ಲೂ ಡಬ್ಬಿ (ಎಲ್ಲಿ ತಾಗತೈತಿ ಅಂತ ತೋರಸೂ ನೀಲಿ ಬಣ್ಣ) ಕೊಟ್ರು. ದೊಡ್ಡ ಮನಸು.

ಹೊಸ ಟ್ಯಾಪ್ ನಾನ ಮಾಡಿದೆ. ಭೋಸರಿ ಎಂಐಡಿಸಿಯಾಗ (ಕಾರ್ಖಾನಿ ವಸಾಹತು) ನಮ್ಮ ಗೆಳ್ಯಾನ ಜಾಬ್ ಶಾಪಿನ ಲೇತ್, ಅಲ್ಲೇ ಬಿದ್ದಿದ್ದ ಇಎನ್24 ಉಕ್ಕಿನ ತುಂಡು. ಹಳೇ ಟ್ಯಾಪ್ ಲೇತಿನ ಚಕ್ಕಿಗೆ ಹಿಡದು, ಅಳತಿ ಡಯಲ್ ಹಚ್ಚಿ, ಕಂಪೌಂಡ್ ಸ್ಲೈಡ್ (ಉಳಿ ಹಿಡಿಯೂ ಭಾಗ) ಕೋನ ಅದರ ಇಳಿಜಾರಿಗೆ ಹೊಂದಿಸಿದೆ. ಮೊದಲನೇ ಟ್ಯಾಪಿಗೆ ಅಳತಿ ಹಾಕಿ ಡ್ರಿಲ್ ಪ್ರೆಸ್ಸಿನಾಗ ತೂತು ಹೊಡದೆ, 0.2 ಆಚೆ ಹೋತು, ಕಸಕ್ಕ. ಎರಡನೇದರ ತೂತು ಕರೆಕ್ಟ್ ಬಂತು, ಖುಷಿಯಿಂದ ಲ್ಯಾಪ್ ಮಾಡಿದೆ, ಮತ್ತ ಒಳಗ ಇಳದು ಸರೀತು. ಆವತ್ತ ರಾತ್ರಿ ಊಟ ಸೇರಲಿಲ್ಲ ನಂಗ, ಯಾಕಂದ್ರ ಹಿಂದಿನವರು ಮಾಡಿದ ತಪ್ಪನ್ನ ನಾ ತಿಳದೂ ತಿಳದೂ ಮಾಡಿದ್ದೆ.

ಮೂರನೇದರಿಂದ ಕ್ರಮ ಉಲ್ಟಾ ಮಾಡಿದೆ. ತೂತು ಇಲ್ಲದ ಬರೇ ಟೇಪರ್ ತುಂಡನ್ನ ಬಂದೂಕಿನ ಒಳಗ ಮೊದಲ ಲ್ಯಾಪ್ ಮಾಡೂದು, ಬ್ಲೂ ಹಚ್ಚಿ ಸುತ್ತಲೂ ಒಂದೇ ಬಣ್ಣ ಬರೂ ತನಕ, ವಾಲ್ವ್ ಪೇಸ್ಟ್ ಅಲ್ಲ, ಹಿತ್ತಾಳಿ ಉಜ್ಜೂ ಬ್ರಾಸೋ ಪಾಲಿಶ್, ಅದೂ ಕೈಲೆ ಅರ್ಧ ಸುತ್ತು ಹಿಂದ ಮುಂದ. ಆಮ್ಯಾಲೆ ಸ್ಕ್ರೂ ಬಿಗಿ ಮಾಡಿ, ಲಿವರ್ ಮುಚ್ಚಿದ ಜಾಗಾಕ್ಕ ಇಟ್ಟು, ಬ್ಯಾರಲ್ ಮೂತಿಯಿಂದ 4.35ರ ರಾಡ್ ಇಳಿಸಿದೆ, ಅದರ ತುದಿಗೆ ಚೂಪು ಮಾಡಿ ಗಟ್ಟಿ ಮಾಡಿದ್ದೆ. ಹಿಂದಿಂದ ಟಪ್ ಅಂತ ಒಂದ ಏಟು. ಬಿಚ್ಚಿ ನೋಡಿದ್ರ ಟ್ಯಾಪ್ ಮ್ಯಾಲೆ ಸೂಜಿ ಮೊನಿಯಷ್ಟು ಬಿಳಿ ಚುಕ್ಕಿ, ಬ್ಯಾರಲ್ಲಿನ ನಟ್ಟನಡುವ. ತೂತು ಅಲ್ಲೇ ಹೊಡೀಬೇಕು. ರಾಡ್ ಉದ್ದ ಇದ್ರ ಅಲ್ಲಾಡತೈತಿ, ಎರಡು ಕಡೆ ಹಿತ್ತಾಳಿ ಬುಶ್ ಹಾಕ್ರಿ. ಏಟು ಕೊಡೂವಾಗ ಟ್ಯಾಪ್ ತಿರಗದಂಗ ನಾ ಏನ್ ಮಾಡಿದೆ ಅಂತ ಇಲ್ಲಿ ಬರಿಯೂದಿಲ್ಲ, ಅದಕ್ಕ ನಂಗ ಆರು ತಿಂಗಳ ಹೋಗ್ಯಾವು.

ಮೂರನೇದು ಜೋಡಣಿ ಸರಿ ಬಂತು, ತೂತು ಬಿಗಿ ಆತು, ಪೆಲೆಟ್ ಬೆರಳಿಂದ ತಳ್ಳಬೇಕಾಗತಿತ್ತು. ನಾಲ್ಕನೇದಕ್ಕ ಪುಣೆದ ರವಿವಾರ ಪೇಟ್ಯಾಗ 1,400 ಕೊಟ್ಟು ರೀಮರ್ (ತೂತು ಅಳತಿಗೆ ಅಗಲ ಮಾಡೂ ಹತ್ಯಾರ) ತಂದೆ, ಹಿಂದಿನ ಬಾಯಿಗೆ ಸ್ಕರ್ಟ್ ಕೂಡಾಕ ಸಣ್ಣ ಇಳಿಜಾರು ಕೊಟ್ಟೆ. ಆ ಕೋನನೂ ನನ್ನ ಕಡೆನ ಇರ್ಲಿ, ನಿಮ್ಮ ಪೆಲೆಟ್ ಬ್ಯಾರೆ ಇದ್ರ ಅದೂ ಬ್ಯಾರೆ ಆಗತೈತಿ. ಈಗ ಪೆಲೆಟ್ ಬಿಟ್ರ ಟುಕ್ ಅಂತ ಸಪ್ಪಳ ಮಾಡಿ ಕೂಡತೈತಿ, ಆ ಸಪ್ಪಳ ಕೇಳಾಕ ನಾ ಸುಮ್ಮನ ನಾಲ್ಕು ಸಲ ಹಾಕಿ ತಗದೆ. ಬಕೆಟ್ಟಿನಾಗಿನ ಪೆಲೆಟ್ಟಿನ ತಲಿ ದುಂಡಗ, ಸುತ್ತಲೂ ರೈಫ್ಲಿಂಗ್ (ಬ್ಯಾರಲ್ ಒಳಗಿನ ತಿರುವುಗೆರಿ) ಬಿಟ್ಟ ಗೀರು ಒಂದೇ ಸಮ. ಸ್ಪೀಡ್ 560ರ ಆಸುಪಾಸು, ಹತ್ತು ಹೊಡತಕ್ಕ ಫರಕು ಹದಿನೈದರ ಒಳಗ.

ಒಟ್ಟು ಖರ್ಚು ನೆನಪಿದ್ದಂಗ 11 ಸಾವಿರ, ಅದರಾಗ ಟ್ಯಾಪಿಗೆ ಹೋದದ್ದು ಎರಡು ಸಾವಿರ ದಾಟಲಿಲ್ಲ. ಮೊದಲ ಬಕೆಟ್ಟಿಗೆ ಹೊಡದಿದ್ರ ಉಳದ ರೊಕ್ಕ ಉಳೀತಿತ್ತು. ಒಂದು ಮಾತು, ಪೆಲೆಟ್ ಹಾಕೂವಾಗ ಕೆಳಗಿನ ಲಿವರ್ ಕೈಯಾಗ ಹಿಡದ ಇರ್ರಿ, ಹಳೇ ಸಿಯರ್ (ಒತ್ತಿದ ಸ್ಪ್ರಿಂಗ್ ಹಿಡಿಯೂ ಕೊಕ್ಕಿ) ನಂಬಾಕ ಬರೂದಿಲ್ಲ.

ಐತ್ವಾರ ಆ ಐದು ತೂತಿನ ಕಾಗದ ಖಡ್ಕಿ ಕಾಕಾಗ ತೋರಿಸಿದೆ. ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದ್ರು, ಮಾತಾಡಲಿಲ್ಲ, ಒಳಗ ಹೋಗಿ ತಮ್ಮ ಬಿಎಸ್ಎ ಏರ್‌ಸ್ಪೋರ್ಟರ್ ಏರ್ ರೈಫಲ್ ಅರಬಿ ಸುತ್ತಿದ್ದು ಹಂಗ ತಂದು ನನ್ನ ತೊಡಿ ಮ್ಯಾಲೆ ಇಟ್ರು. ಅದೂ ಟ್ಯಾಪ್‌ದ. ನಾಳೆ ಬಕೆಟ್ ತುಂಬಬೇಕು.