ನಮ್ಮ 9.9 ಇಂಜಿನ್‌ಗೆ ಸರಿಯಾದ ಫ್ಯಾನ್ ಹುಡುಕಿದ್ದು

ನಮ್ಮದು 18 ಅಡಿಯ ಫೈಬರ್ ದೋಣಿ, ಹಿಂಬದಿಗೆ ಕಟ್ಟುವ 9.9 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಅದರ ಕೆಳಗೆ ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರ್‌ಗೆ ನಾವು ಫ್ಯಾನ್ ಎನ್ನುತ್ತೇವೆ. ಗಂಗೊಳ್ಳಿ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟಿ ಹೋಗಿ ಮೀನಿಗೆ ಕಂತಬಲೆ ಬಿಡುತ್ತೇವೆ. ನಾನು, ತಮ್ಮ, ಮತ್ತೆ ಇಬ್ಬರು. ಬಲೆ, ಐಸು, ಪೆಟ್ರೋಲು, ನಾಲ್ಕು ಜನ ಎಲ್ಲ ಸೇರಿದರೆ ದೋಣಿಯ ಮೇಲೆ ಐನೂರು ಕಿಲೋ ಹತ್ತಿರ ಭಾರ ಬೀಳುತ್ತದೆ. ಈ ಭಾರದ ಲೆಕ್ಕ ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಫ್ಯಾನ್ ಆರಿಸುವಾಗ ನಾನು ತಪ್ಪಿದ್ದೇ ಇಲ್ಲಿ.

ದೊಡ್ಡ ಇಂಜಿನ್ ಹಾಕಿದರೆ ಆಯ್ತಲ್ವಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಕಡಲಿಗೆ ಇಳಿಯುವ ಅವಕಾಶ 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಮಾತ್ರ. ನಮ್ಮ ವರ್ಷದ ಒಳ್ಳೆಯ ದುಡಿಮೆ ಇರುವುದೇ ಆ ಎರಡು ತಿಂಗಳಲ್ಲಿ. ಹಾಗಾಗಿ ಇಂಜಿನ್ ಬದಲಾಯಿಸುವ ಮಾತೇ ಇಲ್ಲ, ಇದ್ದ 9.9ರಿಂದಲೇ ಪೂರ್ತಿ ಕೆಲಸ ತೆಗೆಯಬೇಕು. ನಮ್ಮ ಕೈಯಲ್ಲಿ ಬದಲಾಯಿಸಲು ಇರುವುದು ಫ್ಯಾನ್ ಒಂದೇ.

ಇಂಜಿನ್ ಜೊತೆ ಬಂದದ್ದು 9¼ × 9¾ರ ಅಲ್ಯೂಮಿನಿಯಂ ಫ್ಯಾನ್, ಮೂರು ಎಲೆಯದ್ದು. ಈ ಅಂಕಿ ಫ್ಯಾನಿನ ಮೇಲೇ ಒತ್ತಿರುತ್ತಾರೆ, ಉಪ್ಪು ಕೂತಿದ್ದರೆ ಬ್ರಷ್ ಹಾಕಿ ಉಜ್ಜಿ ನೋಡಿ. ಮೊದಲನೆಯದು ಅಡ್ಡಳತೆ, ಇಂಚಿನಲ್ಲಿ. ಎರಡನೆಯದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದಾಗ ಒಂದು ಸುತ್ತಿಗೆ ಇಷ್ಟು ಒಳಗೆ ಹೋಗುತ್ತದಲ್ಲ, ಹಾಗೆ ಫ್ಯಾನ್ ಒಂದು ಸುತ್ತಿಗೆ ನೀರಿನಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಎನ್ನುವ ಲೆಕ್ಕ ಅದು. ನೀರು ಮರದ ಹಾಗೆ ಗಟ್ಟಿ ಅಲ್ಲ, ಅಷ್ಟು ಹೋಗುವುದಿಲ್ಲ. ಅಡ್ಡಳತೆಯನ್ನು ಸಣ್ಣ ಇಂಜಿನ್‌ನಲ್ಲಿ ಜಾಸ್ತಿ ಬದಲಾಯಿಸಲು ಜಾಗವೇ ಇರುವುದಿಲ್ಲ. ನಮಗೆ ಆಯ್ಕೆ ಇರುವುದು ಪಿಚ್‌ನಲ್ಲಿ.

ಎರಡು ವರ್ಷದ ಹಿಂದೆ ಫ್ಯಾನ್ ಕಲ್ಲಿಗೆ ತಾಗಿ ಒಂದು ಎಲೆ ಮಡಚಿತು. ಹೊಸದು ತರಲು ಹೋದಾಗ ಅಂಗಡಿಯಲ್ಲಿ 10½ ಪಿಚ್ ತಗೊಳ್ಳಿ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಸ್ಪೀಡ್ ಬರುತ್ತದೆ ಎಂದರು. ನನಗೂ ಸರಿ ಎನಿಸಿತು. ಹೊಳೆಯಲ್ಲಿ ಖಾಲಿ ದೋಣಿ ಓಡಿಸಿ ನೋಡಿದೆ, ಚೆನ್ನಾಗಿಯೇ ಹೋಯಿತು. ಜುಲೈಯ ಒಂದು ಬೆಳಿಗ್ಗೆ ಪೂರ್ತಿ ಭಾರ ಹಾಕಿಕೊಂಡು ಅಳಿವೆಗೆ ಹೊರಟೆವು. ಐದು ಹೊಳೆಯ ಮಳೆನೀರು ಹೊರಗೆ ನುಗ್ಗುತ್ತಿತ್ತು, ಎದುರಿನಿಂದ ಅಲೆ. ಅಳಿವೆ ಬಾಯಲ್ಲಿ ಅಲೆ ಏರಬೇಕಾದರೆ ಥ್ರಾಟಲ್ ತಿರುಗಿಸಿದ ಕೂಡಲೇ ಇಂಜಿನ್ ಏರಬೇಕು. ಪೂರ್ತಿ ತಿರುಗಿಸಿದೆ. ಸದ್ದು ಏರಲೇ ಇಲ್ಲ. ಗಂಟಲು ಕಟ್ಟಿದವರ ಹಾಗೆ ದಪ್ಪ ದನಿಯಲ್ಲಿ ಗುರುಗುಟ್ಟುತ್ತಾ ಇತ್ತು, ಕೈಯಲ್ಲಿ ಹಿಡಿದ ಹ್ಯಾಂಡಲ್ ಅದುರುತ್ತಿತ್ತು, ದೋಣಿ ಅಲೆಯ ಅರ್ಧಕ್ಕೆ ನಿಂತು ಅಡ್ಡ ತಿರುಗಲು ನೋಡಿತು. ತಮ್ಮ ಮುಂದಿನಿಂದ ಕೂಗಿದ. ಅಲೆ ಮುರಿಯಲಿಲ್ಲ, ಅಷ್ಟೇ ನಮ್ಮ ಪುಣ್ಯ. ಎರಡು ಅಲೆಯ ನಡುವೆ ದೋಣಿ ತಿರುಗಿಸಿಕೊಂಡು ವಾಪಸ್ ಬಂದೆವು. ಅವತ್ತು ಕಡಲಿಗೆ ಹೋಗಲಿಲ್ಲ.

ದಡದಲ್ಲಿ ಬಲೆ ನೇಯುತ್ತಿದ್ದ ಅಜ್ಜ ಒಬ್ಬರು, ನಲವತ್ತು ವರ್ಷ ತಾಂಡೇಲರಾಗಿ ಬೋಟು ನಡೆಸಿದವರು, ದೂರದಿಂದಲೇ ಸದ್ದು ಕೇಳಿ ಹೇಳಿದರು: “ಹ್ವಾಯ್, ಇಂಜಿನ್ ನರಳ್ತಾ ಇತ್ತಲ್ದಾ? ಫ್ಯಾನ್ ಕಾಣಿ.”

ಅವರು ಹೇಳಿದ್ದು ಸರಿ ಇತ್ತು. ಆದರೆ ಎಷ್ಟು ನರಳುತ್ತಿದೆ ಎನ್ನುವುದಕ್ಕೆ ಅಂಕಿ ಬೇಕು. ಇಂಜಿನ್‌ನ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ 5000ರಿಂದ 6000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ಬರಬೇಕು ಎಂದು ಬರೆದಿದೆ. ನಿಮ್ಮ ಇಂಜಿನ್‌ಗೆ ಬೇರೆ ಇರಬಹುದು, ಪುಸ್ತಕ ನೋಡಿ. ಆ ಸುತ್ತು ಎಣಿಸಲು ಪ್ಲಗ್ ವಯರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಒಂದು ತರಿಸಿದೆ. ಅದರ ತಂತಿಯನ್ನು ಪ್ಲಗ್ ವಯರಿಗೆ ನಾಲ್ಕು ಸುತ್ತು ಸುತ್ತಿ ಟೇಪ್ ಹಾಕಿದರೆ ಆಯ್ತು. ಒಂದು ಸುತ್ತಿಗೆ ಎಷ್ಟು ಕಿಡಿ ಎನ್ನುವ ಸೆಟ್ಟಿಂಗ್ ಸರಿ ಕೊಡಬೇಕು, ಇಲ್ಲದಿದ್ದರೆ ಅರ್ಧವನ್ನೋ ದುಪ್ಪಟ್ಟನ್ನೋ ತೋರಿಸುತ್ತದೆ. ಐಡಲ್‌ನಲ್ಲಿ ಸಾವಿರದ ಹತ್ತಿರ ತೋರಿಸಿದರೆ ಸೆಟ್ಟಿಂಗ್ ಸರಿ ಇದೆ ಎಂದು ನಾನು ಲೆಕ್ಕ ಹಾಕಿದೆ.

ಅಳೆಯುವ ಮೊದಲು ಇನ್ನೆರಡು ಕೆಲಸ ಮಾಡಿದೆ. ದೋಣಿಯ ಅಡಿಗೆ ಅಂಟಿದ ಚಿಪ್ಪು ಕೆರೆದು ತೆಗೆದೆ, ಅದಿದ್ದರೆ ಯಾವ ಫ್ಯಾನ್ ಹಾಕಿದರೂ ಇಂಜಿನ್ ನರಳುತ್ತದೆ. ಆಮೇಲೆ ಇಂಜಿನ್ ಕೂತ ಎತ್ತರ ನೋಡಿದೆ. ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ಹಲಗೆಯಂಥ ಪ್ಲೇಟ್ ಇರುತ್ತದಲ್ಲ, ಅದು ದೋಣಿಯ ಅಡಿಯ ಮಟ್ಟಕ್ಕೆ ಇರಬೇಕು, ಇಲ್ಲವೇ ಒಂದಿಂಚು ಕೆಳಗೆ. ನಮ್ಮದು ಒಂದೂವರೆ ಇಂಚು ಮೇಲಿತ್ತು, ಹಿಂದೆ ಯಾರೋ ಮರದ ತುಂಡು ಕೊಟ್ಟು ಎತ್ತರಿಸಿದ್ದರು. ಹಾಗಿದ್ದರೆ ತಿರುಗುವಾಗ ಫ್ಯಾನ್ ಮೇಲಿನ ಗಾಳಿ ಎಳೆದುಕೊಳ್ಳುತ್ತದೆ, ಇಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಆ ತುಂಡು ತೆಗೆದೆ.

ಹೊಳೆಯಲ್ಲಿ ನೀರು ಏರುವುದೂ ಇಳಿಯುವುದೂ ನಿಂತ ಹೊತ್ತು ನೋಡಿ ಓಡಿಸಿದೆ. ಅದೇ ನಾಲ್ಕು ಜನ, ಅದೇ ಬಲೆ, ಐಸಿನ ಬದಲು ನೀರಿನ ಕ್ಯಾನು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮೊಬೈಲ್ ಜಿಪಿಎಸ್‌ನಲ್ಲಿ ಸ್ಪೀಡ್ ಬರೆದು ಸರಾಸರಿ ತೆಗೆದೆ. 10½ ಪಿಚ್‌ಗೆ 4450 ಆರ್‌ಪಿಎಂ, ಗಂಟೆಗೆ ಹತ್ತೂವರೆ ಕಿಲೋಮೀಟರ್. ಹಳೆಯ 9¾ ಎಲೆ ನೆಟ್ಟಗೆ ಮಾಡಿಸಿ ಹಾಕಿದೆ, 4650, ಹನ್ನೊಂದೂವರೆ. ಅಂದರೆ ಇಂಜಿನ್ ಜೊತೆ ಬಂದ ಫ್ಯಾನ್ ಕೂಡ ನಮ್ಮ ಭಾರಕ್ಕೆ ಜಾಸ್ತಿಯೇ ಆಗಿತ್ತು, ಇಷ್ಟು ವರ್ಷ ನಮಗೆ ಗೊತ್ತಾಗಿರಲಿಲ್ಲ.

ಒಂದು ಇಂಚು ಪಿಚ್ ಕಡಿಮೆ ಮಾಡಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ ಎನ್ನುವುದು ಎಲ್ಲರೂ ಬಳಸುವ ಲೆಕ್ಕ. ಅದನ್ನೇ ನಂಬಿ 9¼ × 8 ತಂದೆ. ಪೂರ್ತಿ ಭಾರದಲ್ಲಿ 5050 ಬಂತು, ಸ್ಪೀಡ್ ಹದಿಮೂರು. ಪಿಚ್ ಕಡಿಮೆ, ಸ್ಪೀಡ್ ಜಾಸ್ತಿ! ತಮ್ಮ ನಂಬಲಿಲ್ಲ, ಇನ್ನೊಮ್ಮೆ ಓಡಿಸಿದೆವು, ಅಷ್ಟೇ ಬಂತು.

ಯಾಕೆ ಹೀಗೆ ಎಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಇಂಜಿನ್‌ನ ಗೇರ್ 2.08ಕ್ಕೆ 1. ಅಂದರೆ ಇಂಜಿನ್ 4650 ಸುತ್ತಿದರೆ ಫ್ಯಾನ್ ಸುತ್ತುವುದು 2236. ಅದನ್ನು 9¾ ಇಂಚಿನಿಂದ ಗುಣಿಸಿದರೆ ಗಂಟೆಗೆ 33 ಕಿಲೋಮೀಟರ್ ಹೋಗಬೇಕು. 8 ಇಂಚಿನದ್ದು 5050ಕ್ಕೆ 30 ಕೂಡ ಇಲ್ಲ. ಕಾಗದದ ಮೇಲೆ ದೊಡ್ಡ ಪಿಚ್ಚೇ ಗೆಲ್ಲುತ್ತದೆ, ಅಂಗಡಿಯವರು ಹೇಳಿದ್ದೂ ಅದನ್ನೇ. ಆದರೆ ನಮ್ಮದು ನೀರಿನ ಮೇಲೆ ಎದ್ದು ಹಾರುವ ದೋಣಿ ಅಲ್ಲ, ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿ. ಹಗುರ ಸ್ಪೀಡ್‌ಬೋಟ್‌ನಲ್ಲಿ ಫ್ಯಾನ್ ಜಾರುವುದು ನೂರಕ್ಕೆ ಹತ್ತೋ ಇಪ್ಪತ್ತೋ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜಾರಿಯೇ ಹೋಗುತ್ತದೆ. ಬೈಕಿಗೆ ಎರಡು ಮೂಟೆ ಅಕ್ಕಿ ಕಟ್ಟಿಕೊಂಡು ಬಾಳೆಬರೆ ಘಾಟಿಯನ್ನು ನಾಲ್ಕನೇ ಗೇರಿನಲ್ಲಿ ಹತ್ತಿದ ಹಾಗೆ ನಾನು ಇಷ್ಟು ವರ್ಷ ದೋಣಿ ಓಡಿಸಿದ್ದೆ. ಆರ್‌ಪಿಎಂ ಏರದಿದ್ದರೆ 9.9 ಎಚ್‌ಪಿ ಹೊರಗೆ ಬರುವುದೇ ಇಲ್ಲ. ಅದರ ಮೇಲೆ ಇಂಜಿನ್ ಬಿಸಿಯಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲೂ ಜಾಸ್ತಿ. 8 ಪಿಚ್ ಹಾಕಿದ ಮೇಲೆ ನಮಗೆ ದಿನಕ್ಕೆ ಒಂದೂವರೆ ಲೀಟರ್ ಉಳಿಯುತ್ತಿದೆ.

ಖಾಲಿ ದೋಣಿಯಲ್ಲೂ ನೋಡಲೇಬೇಕು. ಒಬ್ಬನೇ ಕೂತು ಪೂರ್ತಿ ಥ್ರಾಟಲ್ ಕೊಟ್ಟೆ, 5800 ಬಂತು. ಇನ್ನೂ ಕಡಿಮೆ ಪಿಚ್ ಹಾಕಿದ್ದರೆ ಇಲ್ಲಿ 6000 ದಾಟುತ್ತಿತ್ತು, ಅದೂ ಇಂಜಿನ್‌ಗೆ ಒಳ್ಳೆಯದಲ್ಲ. ಭಾರದಲ್ಲಿ 5000ಕ್ಕೆ ಮೇಲೆ, ಖಾಲಿಯಲ್ಲಿ 6000ಕ್ಕೆ ಕೆಳಗೆ. ನಮಗೆ ಬೇಕಾದ ಫ್ಯಾನ್ ಇದೇ.

ನಾಲ್ಕು ಎಲೆಯದ್ದು ಪರಿಚಯದವರ ದೋಣಿಯಲ್ಲಿ ನೋಡಿದ್ದೇನೆ, ನಿಧಾನ ಹೋಗುವಾಗ ಹಿಡಿತ ಚೆನ್ನಾಗಿದೆ. ನಮಗೆ ಅದರ ಅಗತ್ಯ ಕಾಣಲಿಲ್ಲ. ಸ್ಟೀಲ್ ಬೇಡವೇ ಬೇಡ. ಅಳಿವೆಯ ಮರಳಿಗೂ ಕಲ್ಲಿಗೂ ತಾಗಿದಾಗ ಅಲ್ಯೂಮಿನಿಯಂ ಎಲೆ ಮಡಚಿ ಒಳಗಿನ ಗೇರ್ ಉಳಿಸುತ್ತದೆ.

ತರುವಾಗ ಪಿಚ್ ಒಂದೇ ನೋಡಿದರೆ ಸಾಲದು, ಫ್ಯಾನ್ ಕೂರುವ ಶಾಫ್ಟ್‌ನ ಮೇಲಿನ ಗೀರುಹಲ್ಲು, ಅಂದರೆ ಸ್ಪ್ಲೈನ್, ಎಣಿಸಿಕೊಂಡು ಹೋಗಿ. ಬಿಚ್ಚುವ ಮೊದಲು ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ಕ್ಲಿಪ್ ತೆಗೆದು, ಪ್ಲಗ್ ವಯರ್ ಕೂಡ ಕಿತ್ತಿಡಿ. ಗೇರಿನಲ್ಲಿದ್ದ ಇಂಜಿನ್‌ನ ಫ್ಯಾನ್ ಕೈಯಲ್ಲಿ ತಿರುಗಿಸಿದಾಗ ಕಿಡಿ ಹೊಡೆದರೆ ಬೆರಳು ಉಳಿಯುವುದಿಲ್ಲ. ಎಲೆಗೂ ಮೇಲಿನ ಪ್ಲೇಟಿಗೂ ನಡುವೆ ಮರದ ತುಂಡು ಕೊಟ್ಟು ನಟ್ ಸಡಿಲಿಸಿ. ಫ್ಯಾನ್ ಹೊರಗೆ ಬಂದಾಗ ಶಾಫ್ಟ್‌ಗೆ ತಂಗೂಸಿ (ನೈಲಾನ್ ದಾರ) ಸುತ್ತಿದೆಯಾ ನೋಡಿ. ನಮ್ಮದರಲ್ಲಿ ಕೂದಲಿನಷ್ಟು ಸಪೂರದ್ದು ಹತ್ತಿಪ್ಪತ್ತು ಸುತ್ತು ಇತ್ತು, ಆಯಿಲ್ ಸೀಲ್‌ನ ಬಾಯಿಗೇ ಹೋಗಿ ಕೂತಿತ್ತು. ಸೀಲ್ ಕೊಯ್ದರೆ ಗೇರ್ ಆಯಿಲ್‌ಗೆ ನೀರು ಹೋಗಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸ್ಪ್ಲೈನ್‌ಗೆ ಗ್ರೀಸ್ ಹಚ್ಚದೆ ಫ್ಯಾನ್ ಹಾಕಬೇಡಿ, ಉಪ್ಪುನೀರಿಗೆ ಹಿಡಿದುಕೊಂಡರೆ ಮತ್ತೆ ಬಿಚ್ಚಲು ಬೆಂಕಿಯೇ ಬೇಕಾದೀತು.

ಹಳೆಯ ಫ್ಯಾನ್ ಬಳಸುವವರು ಒಳಗಿನ ರಬ್ಬರ್ ಕೂಡ ನೋಡಿ. ಒಳಗಿನ ಬುಷ್‌ನಿಂದ ಹೊರಗಿನ ಲೋಹದ ತನಕ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಒಂದು ದಿನ ಓಡಿಸಿ ಬಿಚ್ಚಿ. ಗೆರೆ ತುಂಡಾಗಿ ಆಚೀಚೆ ಹೋಗಿದ್ದರೆ ರಬ್ಬರ್ ಜಾರುತ್ತಿದೆ, ಆ ಫ್ಯಾನಿನಲ್ಲಿ ಏನು ಅಳತೆ ಮಾಡಿದರೂ ತಪ್ಪೇ ಬರುತ್ತದೆ. ನಮ್ಮ 9¾ರ ಗೆರೆ ನೆಟ್ಟಗೇ ಉಳಿಯಿತು. ಈಗ ಅದನ್ನು ಒಂದು ನಟ್, ಎರಡು ಸ್ಪ್ಲಿಟ್ ಪಿನ್, ಪಾನಾ ಮತ್ತು ಆ ಮರದ ತುಂಡಿನ ಜೊತೆ ಗೋಣಿಯಲ್ಲಿ ಕಟ್ಟಿ ದೋಣಿಯ ಮುಂದಿನ ಗೂಡಿನಲ್ಲಿ ಇಟ್ಟಿದ್ದೇವೆ.