ಮನೆ ಕೆಲಸ ಮಾಡಿಸುವಾಗ ಗ್ರಾನೈಟ್ ದೂಳಿನ ಬಗ್ಗೆ ಎಚ್ಚರ

ಮನೆ ಕಟ್ಟಿಸುತ್ತಿರುವವರು, ಅಡುಗೆ ಕಟ್ಟೆ ಬದಲಿಸುತ್ತಿರುವವರು ಮೇಸ್ತ್ರಿಯೊಂದಿಗೆ ಕೂಲಿ ಮಾತನಾಡುವಾಗಲೇ ಒಂದು ಷರತ್ತು ಹಾಕಿ: ಕಲ್ಲನ್ನು ಒಣದಾಗಿ ಕೊಯ್ಯುವಂತಿಲ್ಲ.

ಸಿಂಕ್ ಕೂರಿಸಲು ಗ್ರಾನೈಟ್ ಕೊಯ್ಯುವಾಗ ಬಿಳಿ ಮೋಡವೇ ಏಳುತ್ತದೆ. ಕೊಯ್ಯುವವರ ಹುಬ್ಬು, ರೆಪ್ಪೆಗಳೂ ಬೆಳ್ಳಗಾಗುತ್ತವೆ. ಕಣ್ಣಿಗೆ ಕಾಣುವ ಆ ದೂಳಿಗಿಂತ ಕಾಣದ ಸಣ್ಣ ಸಿಲಿಕಾ (ಕಲ್ಲಿನಲ್ಲಿರುವ ಒಂದು ಖನಿಜ) ಕಣಗಳೇ ಅಪಾಯಕಾರಿ. ಅವು ಶ್ವಾಸಕೋಶದ ಆಳಕ್ಕಿಳಿದು ಗಾಯ ಮಾಡುತ್ತವೆ. ವರ್ಷಗಳ ನಂತರ ಏದುಸಿರು, ಕೆಮ್ಮು ಶುರುವಾಗುತ್ತದೆ. ಇದೇ ಸಿಲಿಕೋಸಿಸ್. ಗುಣಪಡಿಸುವ ಔಷಧ ಇಲ್ಲ. ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಈಗ ಎಲ್ಲರೂ ಕೇಳುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಂತೂ ಸಿಲಿಕಾ ಶೇ 90ರಷ್ಟೂ ಇರಬಹುದು. ಆಸ್ಟ್ರೇಲಿಯಾ 2024ರ ಜುಲೈನಿಂದ ಅದನ್ನು ನಿಷೇಧಿಸಿದೆ.

ಅಳತೆ ಕೊಟ್ಟು ಅಂಗಡಿಯಲ್ಲೇ ನೀರು ಹಾಯುವ ಯಂತ್ರದಲ್ಲಿ ಕೊಯ್ಯಿಸಿ ತರುವುದು ಎಲ್ಲಕ್ಕಿಂತ ಒಳ್ಳೆಯದು. ಸ್ಥಳದಲ್ಲೇ ಆಗಬೇಕೆಂದರೆ ಬಯಲಿನಲ್ಲಿ, ನೀರಿನ ಕೊಳವೆ ಇರುವ ಯಂತ್ರದಿಂದ ಆಗಲಿ. ಸಾಧಾರಣ ಯಂತ್ರಕ್ಕೆ ಚೊಂಬಿನಿಂದ ನೀರು ಸುರಿಯುವುದು ಕರೆಂಟ್ ಹೊಡೆಸಿಕೊಳ್ಳುವ ದಾರಿ. ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿದುಹಾಕುವ ಸ್ವಿಚ್) ಇರಲೇಬೇಕು.

ಮುಖಕ್ಕೆ ಟವೆಲ್ ಸುತ್ತಿದರೆ ಸಣ್ಣ ಕಣ ನಿಲ್ಲುವುದಿಲ್ಲ. ಎನ್‌95 ಮಾಸ್ಕ್ ನೀವೇ ತಂದುಕೊಡಿ, ಲಕ್ಷಗಟ್ಟಲೆ ಖರ್ಚಿನಲ್ಲಿ ಅದೇನು ದೊಡ್ಡದಲ್ಲ. ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಬಿದ್ದ ದೂಳನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಬಹುಕಾಲ ಈ ಕೆಲಸ ಮಾಡಿದವರಿಗೆ ಕೆಮ್ಮಿದ್ದರೆ, ಕಲ್ಲು ಕೊಯ್ಯುವ ಕೆಲಸವೆಂದು ವೈದ್ಯರಿಗೆ ಮೊದಲೇ ತಿಳಿಸಲು ಹೇಳಿ. ವೈದ್ಯರು ಕೇಳದೆಯೂ ಇರಬಹುದು.